ಹೂಣರ ಕಾಲಡಿಯ ಮಣ್ಣು

ಅಟ್ಟಿಲನ ದಂಡು ನಮ್ಮ ಊಟದ ಮೇಜನ್ನು ಹಿಡಿದುಕೊಂಡು ಮೂರು ವಾರವಾಯಿತು. ಮನೆಮಂದಿಯೆಲ್ಲ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದೇವೆ. ಪೂರ್ವ ರೋಮಿನ ಚಕ್ರವರ್ತಿಯೇ ವರ್ಷವರ್ಷವೂ ಅವನಿಗೆ ಚಿನ್ನದ ಕಪ್ಪ ಒಪ್ಪಿಸುತ್ತಿದ್ದನಂತೆ. ಕಾಲೇಜು ಮೇಷ್ಟರ ಮೇಜು ಯಾವ ಲೆಕ್ಕ!

ದಂಡು ನನ್ನ ಮಗನದು. ಹದಿನಾರರ ಹುಡುಗ. ಎಲ್ಲವೂ ಲೋಹದ ಬೊಂಬೆಗಳು. ಆಳು ನಿಂತರೆ 15 ಮಿಲಿಮೀಟರು. ನವರಾತ್ರಿಯ ಬೊಂಬೆಗಳಂತೆ ನೋಡಿ ಸಂತೋಷಪಡುವುದಕ್ಕಲ್ಲ. ಅಳತೆಪಟ್ಟಿ, ದಾಳ ಹಿಡಿದು ಯುದ್ಧದ ಆಟವಾಡುವುದಕ್ಕೆ. ಬಣ್ಣ ಹಚ್ಚುವುದು ಅವನ ಪಾಲು. ಚಾಳೀಸು ಬಂದ ನನ್ನ ಕಣ್ಣಿನ ಮೇಲೆ ಅವನಿಗೆ ನಂಬಿಕೆಯಿಲ್ಲ. ನನಗೆ ಬಿಟ್ಟುಕೊಟ್ಟಿರುವುದು ಬೊಂಬೆಗಳಿಗೆ ನೆಲ ಮಾಡಿಕೊಡುವ ಕೆಲಸ. ಅದಕ್ಕೆ ಅವನು ಬೇಸ್ ಎನ್ನುತ್ತಾನೆ. ನಾನು ‘ಅಡಿಹಲಗೆ’ ಎಂದರೆ ನಗುತ್ತಾನೆ.

ಹಲಗೆ 40 ಮಿಲಿಮೀಟರು ಅಗಲ, 30 ಆಳ. ಅದರ ಮೇಲೆ ಇಬ್ಬರು ಸವಾರರು. ಇಂಥವು 12 ಆದರೆ ಅವನ ಆಟದ ಲೆಕ್ಕಕ್ಕೆ ಒಂದು ಸೈನ್ಯ. ಮೊದಲನೆಯದರಲ್ಲಿ ನಾನು ಇಬ್ಬರನ್ನೂ ಎನ್.ಸಿ.ಸಿ. ಕವಾಯತಿನಂತೆ ಸರಿಸಾಲಾಗಿ ಅಂಟಿಸಿದೆ. “ಅಪ್ಪ, ಇವರು ಸಾಲುಗಟ್ಟಿ ನಿಲ್ಲುವವರಲ್ಲ, ಚೆದರಿ ಬಂದು, ಬಾಣ ಬಿಟ್ಟು, ಹಿಂದಕ್ಕೆ ಓಡುವವರು” ಎಂದು ಚಾಕುವಿನಿಂದ ಕಿತ್ತ. ಈಗ ಒಬ್ಬ ಮುಂದೆ, ಇನ್ನೊಬ್ಬ ಓರೆಯಾಗಿ ಹಿಂದೆ. ಎರಕದೊಡನೆಯೇ ಬಂದ ಪುಟ್ಟ ಲೋಹದ ಪೀಠವೊಂದು ಪ್ರತಿ ಕುದುರೆಯ ಗೊರಸಿನ ಕೆಳಗೂ ಇರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಕುದುರೆ ಮಣೆ ಹತ್ತಿ ನಿಂತಂತೆ ಕಾಣುತ್ತದೆ. ಸುತ್ತಲೂ ಅಂಟು ಬಳಿದು ಮಣ್ಣುದುರಿಸಿ ಆ ಮೆಟ್ಟಿಲನ್ನು ಅಡಗಿಸುವುದೇ ಈ ವಿದ್ಯೆಯ ಮರ್ಮ.

ಮಣ್ಣು ಎಂದೆನಲ್ಲ, ತೊಡಕಾದದ್ದು ಅಲ್ಲಿಯೇ. ಅಂಗಳದ ಕೆಮ್ಮಣ್ಣನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ತಂದಿಟ್ಟೆ. ಆಮೇಲೆ ನನಗೇ ಅನುಮಾನ ಬಂತು. ಹೂಣರ ನೆಲ ಯಾವುದು? 451ರಲ್ಲಿ ಅವರು ಗಾಲ್ ದೇಶದಲ್ಲಿ ರೋಮನರೊಡನೆ ಕಾದಿದ ಬಯಲೋ, ಡ್ಯಾನ್ಯೂಬಿನಾಚೆಯ ಹುಲ್ಲುಗಾವಲೋ? ನಾಲ್ಕನೆಯ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲ್ಲಿನಸನನ್ನು ತೆಗೆದು ನೋಡಿದೆ. ಹೂಣರು ಕುದುರೆಯ ಮೇಲೆಯೇ ಕೊಳ್ಳುವರು, ಮಾರುವರು, ಉಣ್ಣುವರು, ಅದರ ಕುತ್ತಿಗೆಗೆ ಒರಗಿ ನಿದ್ರಿಸುವರು ಎನ್ನುತ್ತಾನೆ. ಶತ್ರುವಿನ ಬಾಯಿ, ಒಂದಿಷ್ಟು ಸೋಸಿಯೇ ಕೇಳಬೇಕು. ಆದರೆ ಇನ್ನೂ ಒಂದು ಮಾತು ಹೇಳುತ್ತಾನೆ: ಊರು ಯಾವುದೆಂದರೆ ಅವರಲ್ಲಿ ಯಾರೂ ಉತ್ತರ ಕೊಡಲಾರರಂತೆ, ಹುಟ್ಟಿದ್ದು ಒಂದು ಕಡೆ, ಬೆಳೆದದ್ದು ಮತ್ತೆಲ್ಲೋ ದೂರದಲ್ಲಿ.

ಇದನ್ನು ಮಗನಿಗೆ ಹೇಳಿದೆ. “ಪಾಪ, ಎಂಥ ಜನ!” ಎಂದೂ ಸೇರಿಸಿದೆ. ಅವನು ಕುಂಚವನ್ನು ನೀರಿನಲ್ಲಿ ಅದ್ದುತ್ತ, “ನಾನೂ ಹಾಗೇ ಅಲ್ಲವೇನಪ್ಪ?” ಎಂದ.

ನನ್ನ ವರ್ಗಾವಣೆಗಳ ಬೆನ್ನು ಹತ್ತಿ ನಾಲ್ಕು ಊರು, ನಾಲ್ಕು ಶಾಲೆ ಕಂಡ ಹುಡುಗ. ಹೊಸ ತರಗತಿಗೆ ಹೋದ ಮೊದಲ ದಿನ ವಿದ್ಯಾರ್ಥಿಗಳನ್ನೆಲ್ಲ “ಯಾವೂರಪ್ಪ?” ಎಂದು ಕೇಳುವುದು ನನ್ನ ಅಭ್ಯಾಸ. ಅವನ ಮೇಷ್ಟರೂ ಕೇಳಿರಬೇಕು. ಏನು ಹೇಳುತ್ತಿದ್ದನೋ, ನಾನು ವಿಚಾರಿಸಿದವನಲ್ಲ. ಪ್ರತಿ ಸಲವೂ ಸಾಮಾನನ್ನೆಲ್ಲ ಲಾರಿಗೆ ಹೇರಿದ ಮೇಲೆ ಬೊಂಬೆಯ ಡಬ್ಬಿಯೊಂದನ್ನು ಮಾತ್ರ ಅವನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದುದು ನೆನಪಾಯಿತು.

ಕೆಮ್ಮಣ್ಣಿನ ಬಟ್ಟಲನ್ನು ಚೆಲ್ಲಿಬರಲು ಎದ್ದೆ. “ಇರಲಿ ಬಿಡಪ್ಪ, ಯಾವ ಮಣ್ಣಾದರೇನು? ಮೇಲೆ ಬಣ್ಣ ಬಳಿಯುವುದಿಲ್ಲವೆ?” ಎಂದ. ನಿಜವೇ. ಅಂಟು ಒಣಗಿದ ಮೇಲೆ ಗಾಢ ಕಂದು. ಅದು ಆರಿದ ಮೇಲೆ ಕುಂಚವನ್ನು ಬಟ್ಟೆಗೆ ಒರೆಸಿ, ಉಳಿದಷ್ಟು ತಿಳಿಬಣ್ಣವನ್ನು ಸವರಿದರೆ ಉಬ್ಬಿದ ಹರಳುಗಳಿಗೆ ಮಾತ್ರ ಹತ್ತುತ್ತದೆ. ಒಣಹುಲ್ಲಿನ ಬಣ್ಣದ ನಾಲ್ಕು ಎಳೆ ಅಂಟಿಸಿದರೆ ನಮ್ಮ ಅಂಗಳವೇ ಡ್ಯಾನ್ಯೂಬಿನಾಚೆಯ ಬಯಲು.

ಐದು ಮುಗಿದಿವೆ, ಏಳು ಬಾಕಿ. ಜಾಲರಿಯನ್ನು ಮೂರು ಸಲ ತೊಳೆದಿಟ್ಟಿದ್ದೇನೆ; ಆದರೂ ಟೀ ಮಣ್ಣು ಮಣ್ಣು ಎಂದು ಮನೆಯಾಕೆಯ ದೂರು.