ಚಿಗವ್ವನ ಗಾಣಕ್ಕೆ ಹೋಗಿ ಬಂದೆವು

ದಿನಾ ಸಾರಿಗೆ, ಹುಳಿಗೆ ಹಾಕುವ ಬೆಲ್ಲದ ಚೂರು ಎಲ್ಲಿಂದ ಬಂತು ಅಂತ ನೀವು ಎಂದಾದರೂ ಯೋಚನೆ ಮಾಡಿದ್ದೀರಾ? ನಾನಂತೂ ಮಾಡಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಅಂಗಡಿಗೆ ಹೋಗುವುದು, "ಛಲೋ ಹಳದಿ ಬೆಲ್ಲ ಕೊಡ್ರಿ" ಅನ್ನುವುದು, ತಂದು ಡಬ್ಬಿಗೆ ಹಾಕುವುದು, ಅಷ್ಟೇ. ಕಬ್ಬಿನ ಸೀಮೆಯ ಹೆಣ್ಣುಮಗಳಾಗಿ ಇದನ್ನು ಹೇಳಿಕೊಳ್ಳಲಿಕ್ಕೆ ನಾಚಿಕೆಯಾಗುತ್ತದೆ.

ಇದೆಲ್ಲ ಶುರುವಾದದ್ದು ಸ್ಟ್ರಾಬೆರಿಯಿಂದ. ಎರಡು ವರ್ಷದ ಹಿಂದೆ ಮಕ್ಕಳನ್ನು ಕರೆದುಕೊಂಡು ಮಹಾಬಳೇಶ್ವರಕ್ಕೆ ಹೋಗಿದ್ದೆವು. ನಮ್ಮ ಹುಕ್ಕೇರಿಯಿಂದ ಸಂಕೇಶ್ವರ, ನಿಪ್ಪಾಣಿ, ಕೊಲ್ಹಾಪುರ ದಾಟಿ ಸಾತಾರಾ ಕಡೆ ಹೋಗಬೇಕು. ಅಲ್ಲಿ ಒಂದು ಮನೆತನದವರು ತಮ್ಮ ಸ್ಟ್ರಾಬೆರಿ ತೋಟಕ್ಕೆ ಬಂದವರನ್ನು ಒಳಗೆ ಬಿಡುತ್ತಾರೆ. ಕೈಗೊಂದು ಬುಟ್ಟಿ ಕೊಡುತ್ತಾರೆ. ಬದುವಿನ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಕೆಂಪಗೆ ಮಲಗಿರುವ ಹಣ್ಣನ್ನು ನಾವೇ ಕಿತ್ತುಕೊಳ್ಳುವುದು, ಅವರು ತೂಗಿ ದುಡ್ಡು ತೆಗೆದುಕೊಳ್ಳುವುದು. ನನ್ನ ಮಗಳಿಗೆ ಅದು ಎಷ್ಟು ಹಿಡಿಸಿತೆಂದರೆ, ಊರಿಗೆ ಬಂದ ಮೇಲೂ "ನಮ್ಮ ಕಡೆ ಇಂಥಾ ತೋಟ ಇಲ್ಲೇನವ್ವಾ?" ಅಂತ ಕೇಳುತ್ತಲೇ ಇದ್ದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಉತ್ತರ ಕೊಟ್ಟದ್ದು ನನ್ನ ಚಿಗವ್ವ. ಈ ವರ್ಷ, 2026ರ ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಫೋನು ಮಾಡಿದಳು. "ಗಾಣ ಹೂಡೇವಿ. ಮಕ್ಕಳನ್ನ ಕರಕೊಂಡು ಬಾ. ಮುಂದಿನ ವರ್ಷ ಇರತದೋ ಇಲ್ಲೋ ಗೊತ್ತಿಲ್ಲ."

ಆ ಕೊನೆಯ ಮಾತು ಕೇಳಿ ಮನಸ್ಸು ನಿಲ್ಲಲಿಲ್ಲ. ಚಿಗವ್ವನ ಮನೆ ಮೂಡಲಗಿ ಹತ್ತಿರದ ತೋಟದಲ್ಲಿ. ನಾನು ಸಣ್ಣವಳಿದ್ದಾಗ ರಜೆಯೆಲ್ಲ ಕಳೆದದ್ದು ಅಲ್ಲೇ. ಮದುವೆಯಾದ ಮೇಲೆ ಮದುವೆ-ಮುಂಜಿಗೆ ಹೋಗಿ ಉಂಡು ಬಂದದ್ದೇ ಹೊರತು, ಗಾಣ ನಡೆಯುವಾಗ ಒಮ್ಮೆಯೂ ಹೋಗಿರಲಿಲ್ಲ.

ನಮ್ಮ ಮನೆಯವರು ಹೊರಡುವುದೆಂದರೆ ದಾರಿಯಲ್ಲಿ ನಾಲ್ಕು ಕಡೆ ನಿಲ್ಲಲೇಬೇಕು. ಘಟಪ್ರಭಾ, ಕೊಣ್ಣೂರು ದಾಟಿ ಗೋಕಾಕ ಫಾಲ್ಸಿನ ಹತ್ತಿರ ನಿಂತೆವು. ಜನವರಿಯಲ್ಲಿ ಅಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ. 171 ಅಡಿ ಎತ್ತರದ ಬಂಡೆ, ಅದರ ಮೇಲೆ ಒಂದೆರಡು ಬಿಳಿ ಎಳೆ. ನೀವು ಹೋಗುವುದಾದರೆ ಮಳೆಗಾಲದಲ್ಲಿ ಹೋಗಿ, ನದಿ ತುಂಬಿ ಕೆಂಪು ನೀರು ಧುಮುಕುವಾಗ. ಊರೊಳಗೆ ಬಂದು ಕರದಂಟು ತೆಗೆದುಕೊಂಡೆವು. ತವರಿನ ಕಡೆಗೆ ಬರಿಗೈಯಲ್ಲಿ ಹೋಗಲಿಕ್ಕಾಗುತ್ತದೆಯೇ! ಕರದಂಟು ಅಂದರೆ ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಎಲ್ಲವನ್ನೂ ಹಿಡಿದಿಡುವುದು ಬೆಲ್ಲದ ಪಾಕ. ಬೆಲ್ಲದ ಮನೆಗೇ ಬೆಲ್ಲ ಒಯ್ಯುತ್ತೀಯಲ್ಲ ಅಂತ ಮಗ ನಕ್ಕ.

ಗೋಕಾಕ ಬಿಟ್ಟು ಲೋಳಸೂರ ಸೇತುವೆ ದಾಟಿದೆವು. 2019ರ ಆಗಸ್ಟಿನ ಪ್ರವಾಹದಲ್ಲಿ ನೀರೊಳಗೆ ಮುಳುಗಿದ್ದ ಸೇತುವೆ ಇದು. ಅಲ್ಲಿಂದ ಮುಂದೆ ಎರಡೂ ಕಡೆ ಕಬ್ಬು, ಕಬ್ಬು, ನಡುನಡುವೆ ಅರಿಷಿಣ. ನಮ್ಮ ಹುಕ್ಕೇರಿ ತಾಲೂಕಿನ ಹಿಡಕಲ್ ಆಣೆಕಟ್ಟಿನಲ್ಲಿ ನಿಂತ ನೀರು, ಬ್ರಿಟಿಷರ ಕಾಲದಿಂದ ಇರುವ ಧೂಪದಾಳದ ಬಂಡಿನಿಂದ ಕಾಲುವೆಗೆ ಇಳಿದು ಈ ಕಡೆ ಹರಿದು ಬರುತ್ತದೆ. ನಮ್ಮೂರ ಕಡೆಯ ನೀರು ಇವರ ಹೊಲದಲ್ಲಿ ಸಿಹಿಯಾಗುತ್ತದೆ ಅಂತ ನಮ್ಮ ಮನೆಯವರು ಹೇಳಿದರು. ಅವರಿಗೆ ಆಗಾಗ ಇಂಥ ಮಾತು ಬರುತ್ತದೆ. ರಸ್ತೆ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಒಂದಕ್ಕೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು ಹೊರಟಿದ್ದವು. ಅವುಗಳ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು, ತಾಳ್ಮೆ ಬೇಕು.

ತೋಟದ ದಾರಿಗೆ ಇಳಿದ ಕೂಡಲೇ ಗಾಣ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಲಿಲ್ಲ. ವಾಸನೆಯೇ ಕರೆದುಕೊಂಡು ಹೋಯಿತು. ಕಾಯುವ ಕಬ್ಬಿನ ಹಾಲಿನ ಆ ವಾಸನೆ ನಿಮಗೆ ಗೊತ್ತಿದ್ದರೆ ಮತ್ತೆ ಹೇಳಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ.

ಚಿಗವ್ವ ಎದುರಿಗೆ ಬರಲಿಲ್ಲ. ಅರವತ್ತೆಂಟು ವರ್ಷದ ಆಕೆ, ಸೀರೆ ಕಚ್ಚೆ ಹಾಕಿ, ತಲೆಗೆ ವಸ್ತ್ರ ಸುತ್ತಿಕೊಂಡು ಕೊಪ್ಪರಿಗೆಯ ಪಕ್ಕ ಕುಳಿತಿದ್ದಳು. "ಬಾರವ್ವಾ, ಕೂಡು. ಈಗ ಏಳಾಂಗಿಲ್ಲ ನಾ" ಅಂದಳು. ಕಾಕಾ ಹೋಗಿ ಮೂರು ವರ್ಷವಾಯಿತು. ಅವರಿದ್ದಾಗ ಪಾಕ ನೋಡುವುದು ಅವರದೇ ಕೆಲಸ. ಚಿಗವ್ವ ಬುತ್ತಿ ತಂದು ಕೊಟ್ಟು, ಒಂದು ಬದಿಗೆ ಕುಳಿತು, ಹೋಗುತ್ತಿದ್ದಳು. ನಲವತ್ತು ವರ್ಷ ಹಾಗೆ ಒಂದು ಬದಿಗೆ ಕುಳಿತದ್ದೇ ಆಕೆಯ ಶಾಲೆ. ಅವರು ಹೋದ ಮೇಲೆ ಹೊರಗಿನಿಂದ ಒಬ್ಬನನ್ನು ಕರೆಸಿದರಂತೆ. ಎರಡು ಕೊಪ್ಪರಿಗೆ ಹೊತ್ತಿಸಿಬಿಟ್ಟ. ಮೂರನೆಯದಕ್ಕೆ ಈಕೆಯೇ ಎದ್ದು ಹೋಗಿ ಕುಳಿತಳು. ಅಂದಿನಿಂದ ಆ ಜಾಗ ಈಕೆಯದು.

ಈಗ ಬೆಲ್ಲ ಹೇಗೆ ಆಗುತ್ತದೆ ಅಂತ ಕೇಳಿ. ಕಡಿದ ಕಬ್ಬನ್ನು ತಡಮಾಡದೆ ಅರೆಯಬೇಕು, ಇಟ್ಟರೆ ರಸ ಹುಳಿಯುತ್ತದೆ. ನಾನು ಸಣ್ಣವಳಿದ್ದಾಗ ಇಂಜಿನ್ನು ಬಡಬಡ ಅನ್ನುತ್ತಿತ್ತು. ಅದಕ್ಕೂ ಮುಂಚೆ ಎತ್ತು ತಿರುಗುತ್ತಿದ್ದವು. ಈಗ ಕರೆಂಟಿನ ಮೋಟರು. ಹಿಂಡಿದ ಹಾಲು ಬಟ್ಟೆಯಲ್ಲಿ ಸೋಸಿ ತೊಟ್ಟಿಗೆ, ತೊಟ್ಟಿಯಿಂದ ಅಗಲವಾದ ಕೊಪ್ಪರಿಗೆಗೆ. ಅಡಿಗೆ ಉರಿ ಹಾಕುವುದಕ್ಕೆ ಕಟ್ಟಿಗೆ ಬೇಡ, ರಸ ತೆಗೆದ ಕಬ್ಬಿನ ಸಿಪ್ಪೆಯನ್ನೇ ಬಿಸಿಲಿಗೆ ಒಣಗಿಸಿ ಒಟ್ಟುತ್ತಾರೆ. ಕಬ್ಬೇ ಕಬ್ಬನ್ನು ಕುದಿಸುತ್ತದೆ.

ಹಾಲು ಕಾದಂತೆ ಮೇಲೆ ಕಪ್ಪು ನೊರೆ ಕಟ್ಟುತ್ತದೆ. ಆಗ ಸ್ವಲ್ಪ ಸುಣ್ಣದ ತಿಳಿ, ಆಮೇಲೆ ಬೆಂಡಿ ಗಿಡದ ಲೋಳೆ. ಹೌದು, ನಾವು ಪಲ್ಯ ಮಾಡುವ ಬೆಂಡಿಯೇ. ಅದರ ದಂಟನ್ನು ಜಜ್ಜಿ ನೀರಲ್ಲಿ ಹಿಚುಕಿದರೆ ಲೋಳೆ ಬಿಡುತ್ತದೆ. ಆ ಲೋಳೆ ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ಬರುತ್ತದೆ, ಜಾಳಿಗೆಯಿಂದ ತೆಗೆದು ಹಾಕುವುದು. ಬದುವಿನ ಗುಂಟ ಬೆಂಡಿ ಯಾಕೆ ಹಚ್ಚಿರುತ್ತಾರೆ ಅಂತ ನನಗೆ ಆವತ್ತು ತಿಳಿಯಿತು. ಉಕ್ಕು ಬಂದು ಹೊರಗೆ ಚೆಲ್ಲುವ ಹಾಗಾದಾಗ ಒಂದಿಷ್ಟು ಶೇಂಗಾ ಎಣ್ಣೆ ಚಿಮುಕಿಸುತ್ತಾರೆ. ಉಕ್ಕು ಬೈಸಿಕೊಂಡ ಮಗುವಿನ ಹಾಗೆ ತಣ್ಣಗೆ ಕೂತುಬಿಡುತ್ತದೆ.

ಎರಡೂವರೆ ತಾಸಿನ ಮೇಲೆ ಗುಳ್ಳೆ ದೊಡ್ಡದಾಗಿ, ಪ್ಲೊಕ್ ಪ್ಲೊಕ್ ಅಂತ ಸಪ್ಪಳ ಬದಲಾಗುತ್ತದೆ. ಇಲ್ಲಿಂದ ಮುಂದೆ ಯಾರೂ ಮಾತಾಡುವ ಹಾಗಿಲ್ಲ. ಚಿಗವ್ವ ಹುಟ್ಟಿನ ತುದಿಯಿಂದ ಒಂದಿಷ್ಟು ಪಾಕ ತಣ್ಣೀರಿನ ಬಟ್ಟಲಿಗೆ ಬಿಟ್ಟಳು. ಬೆರಳಲ್ಲಿ ಉಂಡೆ ಮಾಡಿದಳು. ಕಲ್ಲಿಗೆ ಒಗೆದಳು. ಮೆತ್ತಗೆ ಅಂಟಿತು. "ಇನ್ನೂ" ಅಂದಳು. ಇನ್ನೊಮ್ಮೆ. ಮತ್ತೊಮ್ಮೆ ಒಗೆದಾಗ ಟಕ್ ಅಂತ ಸಪ್ಪಳ ಬಂತು. "ಇಳಸ್ರೋ!" ಅಂತ ಆಕೆ ಕೂಗಿದ್ದಕ್ಕೆ ನಾನು ಬೆಚ್ಚಿಬಿದ್ದೆ. ನಾಲ್ಕು ಗಂಡಾಳುಗಳು ಕೊಪ್ಪರಿಗೆ ಎಳೆದು ಬಗ್ಗಿಸಿದರು. ಅರ್ಧ ನಿಮಿಷ ತಡವಾದರೆ ಕಹಿ, ಮುಂಚೆಯಾದರೆ ಪೆಂಟಿ ನಿಲ್ಲುವುದಿಲ್ಲ. ಅದನ್ನು ಗುಂಡಿಯಲ್ಲಿ ಕಟ್ಟಿಗೆಯ ಹುಟ್ಟಿನಿಂದ ತಿರುವಿ, ಒದ್ದೆ ಬಟ್ಟೆ ಹಾಸಿದ ಬಕೆಟ್ಟಿಗೆ ತುಂಬಿದರೆ 10 ಕಿಲೋದ ಪೆಂಟಿ.

ಮಕ್ಕಳ ಕಥೆ ಏನು ಹೇಳಲಿ! ಹಸಿಶುಂಠಿ, ಲಿಂಬಿ ಹಿಂಡಿದ ಕಬ್ಬಿನ ಹಾಲು ಎಷ್ಟು ಗ್ಲಾಸು ಕುಡಿದರೋ ಲೆಕ್ಕವಿಲ್ಲ. ಗುಂಡಿಯ ಅಂಚಿಗೆ ಅಂಟಿದ ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿನಿಂದ ಕೆರೆದು ಹಿಡಿ ಶೇಂಗಾ ಜೊತೆ ತಿಂದರು. ಮಗಳು ಪರ್ಸು ತೆಗೆದು "ಎಷ್ಟು ಕೊಡಬೇಕು ಅಜ್ಜಿ?" ಅಂತ ಕೇಳಿದಳು. ಸ್ಟ್ರಾಬೆರಿ ತೋಟದ ರೂಢಿ! ಚಿಗವ್ವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಾಣಕ್ಕೆ ಬಂದವರಿಗೆ, ದಾರಿಹೋಕರೇ ಆಗಲಿ, ಹಾಲು ಬೆಲ್ಲ ಇಲ್ಲ ಅನ್ನುವ ಪದ್ಧತಿ ಈ ಕಡೆ ಇಲ್ಲ.

ಅಷ್ಟೆಲ್ಲ ನೋಡಿದ ಮೇಲೆ ನಾನು ಒಂದು ತಪ್ಪು ಮಾತಾಡಿದೆ. ಬಕೆಟ್ಟಿನಿಂದ ಬೋರಲು ಹಾಕಿದ ಪೆಂಟಿ ನೋಡಿ, "ಚಿಗವ್ವಾ, ಇದ್ಯಾಕ ಇಷ್ಟ ಕರ್ರಗೈತಿ?" ಅಂದೆ.

ಚಿಗವ್ವ ಸುಮ್ಮನಿದ್ದಳು. ಮಾತಾಡಿದವನು ಆಕೆಯ ಮಗ, ನನ್ನ ತಮ್ಮ. "ಕೇಳಿದೇನಬೇ? ಅಕ್ಕನೂ ಅದನ್ನ ಅಂದ್ಲು. ನಮ್ಮ ಮನಿ ಮಗಳ ಹಿಂಗಂದ್ರ ಪ್ಯಾಟಿಯವ್ರು ಯಾಕ ತಗೋತಾರ?"

ಆಮೇಲೆ ಊಟಕ್ಕೆ ಕುಳಿತಾಗ ಅವನು ಲೆಕ್ಕ ಹೇಳಿದ. ಒಂದು ಟನ್ನು ಕಬ್ಬಿಗೆ 100ರಿಂದ 110 ಕಿಲೋ ಬೆಲ್ಲ. ಅದರಲ್ಲಿ ಕಬ್ಬು ಕಡಿಯುವವರು, ಗಾಣದ ಆಳುಗಳು, ಕರೆಂಟು, ಬಾಡಿಗೆ ಎಲ್ಲ ಹೋಗಬೇಕು. ಮಹಾಲಿಂಗಪುರದ ಬೆಲ್ಲದ ಪೇಟೆಗೆ ಒಯ್ದರೆ ಬಣ್ಣ ನೋಡಿ ಸವಾಲು ಕೂಗುತ್ತಾರೆ. ಇವರ ಕಂದು ಬೆಲ್ಲಕ್ಕೆ ಕಿಲೋಗೆ ನಾಲ್ಕೈದು ರೂಪಾಯಿ ಕಡಿಮೆಯೇ. ಅದೇ ಕಬ್ಬನ್ನು ಕಾರ್ಖಾನೆಗೆ ಕಳಿಸಿದರೆ ಆಳಿನ ಚಿಂತೆ ಇಲ್ಲ, ಗಾಡಿ ಬಂದು ಒಯ್ಯುತ್ತದೆ. ಅಲ್ಲಿಯೂ ಸುಖವಿಲ್ಲ, ಅದು ಬೇರೆ ಮಾತು. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಇಲ್ಲೇ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ಕುಳಿತದ್ದು, ಕೊನೆಗೆ ಸರಕಾರ 3,300 ಅಂತ ಘೋಷಿಸಿದ್ದು ನಿಮಗೂ ನೆನಪಿರಬಹುದು. ನನ್ನ ತಮ್ಮನೂ ಅಲ್ಲಿ ಹೋಗಿ ಕುಳಿತಿದ್ದ. ಈಗ ಎಲ್ಲ ಕಬ್ಬು ಕಾರ್ಖಾನೆಗೇ, ಬಾವಿ ಹತ್ತಿರದ ಒಂದೆಕರೆ ಮಾತ್ರ ಗಾಣಕ್ಕೆ. ಅದೂ ಚಿಗವ್ವನ ಹಟಕ್ಕೆ. "ಇಲ್ಲಾಂದ್ರ ಎಲ್ಲಾರಂಗ ಪುಡಿ ಹಾಕಬೇಕು, ಅವ್ವ ಒಲ್ಲೆ ಅಂತಾಳ" ಅಂದ.

ಪುಡಿ ಅಂದರೆ ಹೈಡ್ರೋಸ್. ಕುದಿಯುವ ಹಾಲಿಗೆ ಅದನ್ನು ಹಾಕಿದರೆ ಬೆಲ್ಲ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ತಮ್ಮನ ಮಗಳು ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಾಳೆ. ಅವಳು ಬಿಡಿಸಿ ಹೇಳಿದಳು: "ಅತ್ತಿ, ಅದರಿಂದ ಬೆಲ್ಲದಾಗ ಗಂಧಕದ ಅಂಶ ಉಳೀತದ. ಕಿಲೋಗೆ 70 ಮಿಲಿಗ್ರಾಂ ದಾಟಬಾರದು ಅಂತ ಕಾಯ್ದೆ ಐತಿ. ಕೆಲವರು ಅಗ್ಗದ ಸಕ್ರಿನೂ ಕರಗಿಸಿ ಸೇರಸ್ತಾರ." ಎಲ್ಲ ಹಳದಿ ಬೆಲ್ಲವೂ ಕೆಟ್ಟದ್ದು ಅಂತ ಅಲ್ಲ. ಕಬ್ಬಿನ ಜಾತಿ, ಮಣ್ಣು, ನೀರು ನೋಡಿಕೊಂಡು ಬಣ್ಣ ತಾನಾಗಿಯೂ ತಿಳಿಯಾಗಬಹುದಂತೆ. ಆದರೆ ನಿಂಬೆಹಣ್ಣಿನಂಥ ಹಳದಿ ಬಣ್ಣ ಕಂಡರೆ ಅನುಮಾನ ಪಡುವುದು ಒಳ್ಳೆಯದು.

"ನೀವು ಪ್ಯಾಟ್ಯಾಗಿನ ಹೆಣ್ಣಮಕ್ಕಳು ಹಳದಿ ಕೇಳತೀರಿ, ಅದಕ್ಕ ಅವರು ಹಳದಿ ಮಾಡತಾರ" ಅಂತ ಚಿಗವ್ವ ರೊಟ್ಟಿ ಬಡಿಸುತ್ತ ಅಂದಳು. ಸಿಟ್ಟಿನಿಂದ ಅಲ್ಲ, ಸುಮ್ಮನೆ. ಸಜ್ಜೆ ರೊಟ್ಟಿ, ಎಣಗಾಯಿ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಇಪ್ಪತ್ತೆರಡು ವರ್ಷ ನಾನು ಅಂಗಡಿಯಲ್ಲಿ ಏನು ಕೇಳಿದ್ದೆ ಅಂತ ಆಗಲೇ ಹೇಳಿದೆನಲ್ಲ. ಕಾಕಾ ಕೂಡ ನನಗೆ ಮದುವೆಯ ಹೊಸದರಲ್ಲಿ ಒಂದು ಪೆಂಟಿ ಕಳಿಸಿದ್ದರು. ಬಣ್ಣ ನೋಡಿ ಅದನ್ನು ನಾನು ಕೆಲಸದವಳಿಗೆ ಕೊಟ್ಟಿದ್ದೆ. ಇದನ್ನು ಇಲ್ಲಿಯವರೆಗೆ ಯಾರ ಮುಂದೂ ಹೇಳಿರಲಿಲ್ಲ.

ಸಂಜೆ ಹೊರಟಾಗ ಎರಡು ಪೆಂಟಿ ಕೇಳಿ ತೆಗೆದುಕೊಂಡೆ. ದುಡ್ಡು ಕೊಡಲು ಹೋದರೆ ಚಿಗವ್ವ ಬೈದಳು. ಆಕೆಗೆ ಕಾಣದ ಹಾಗೆ ತಮ್ಮನ ಹೆಂಡತಿಯ ಕೈಯಲ್ಲಿ ಇಟ್ಟು ಬಂದೆ.

ಈ ಬೆಲ್ಲವನ್ನು ಬಳಸುವ ರೀತಿ ಸ್ವಲ್ಪ ಬೇರೆ. ಬೇಗ ಪಸೆ ಒಡೆಯುತ್ತದೆ. ಆದ್ದರಿಂದ ಒಡೆದು, ಒಂದು ಗಂಟೆ ನೆರಳಿಗೆ ಆರಿಸಿ, ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ. ಮಳೆಗಾಲಕ್ಕೆ ಬಹಳ ಇಡಬೇಡಿ. ಪಾಯಸಕ್ಕೆ ಹಾಕುವುದಾದರೆ ನೀರಲ್ಲಿ ಕರಗಿಸಿ ಸೋಸಿಕೊಳ್ಳಿ, ಕಬ್ಬಿನ ಎಳೆ ಇದ್ದರೆ ಹೋಗುತ್ತದೆ. ಚಹಾಕ್ಕೆ ಹಾಕಿದಾಗ ಹಾಲು ಒಡೆಯುತ್ತದೆ ಅನ್ನುವವರು ಚಹಾ ಕೆಳಗಿಳಿಸಿದ ಮೇಲೆ ಬೆಲ್ಲ ಕರಗಿಸಿ, ಕೊನೆಗೆ ಕಾಯಿಸಿದ ಹಾಲು ಬೆರೆಸಿ ನೋಡಿ. ಶೇಂಗಾ ಹೋಳಿಗೆಗೆ ಮಾತ್ರ ಇದನ್ನು ಮೀರಿಸುವ ಬೆಲ್ಲ ಇಲ್ಲ. ಎರಡು ಬಟ್ಟಲು ಹುರಿದು ಸಿಪ್ಪೆ ತೆಗೆದ ಶೇಂಗಾ ಪುಡಿಗೆ ಒಂದೂಕಾಲು ಬಟ್ಟಲು ಬೆಲ್ಲ, ಸ್ವಲ್ಪ ಎಳ್ಳು, ಏಲಕ್ಕಿ. ನೀರು ಹಾಕುವುದು ಬೇಡ. ಬೆಲ್ಲದ ಪಸೆಗೇ ಹೂರಣ ಉಂಡೆ ಕಟ್ಟಲು ಬರುತ್ತದೆ. ಹೋಳಿಗೆಯ ಬಣ್ಣ ಕಂದಾಗುತ್ತದೆ, ಆಗಲಿ.

ಸಂಕ್ರಾಂತಿಯ ದಿನ ಕುಸುರೆಳ್ಳು ಕೊಡಲು ಬಂದ ಓಣಿಯ ಹೆಂಗಸರಿಗೆ ಅದನ್ನೇ ಬಡಿಸಿದೆ. ಒಬ್ಬರು ಹೂರಣ ಹೊತ್ತಿದೆಯೇನೋ ಅಂತ ಮೂಸಿ ನೋಡಿದರು. ತಿಂದ ಮೇಲೆ ಅವರೇ ಎರಡನೆಯದು ಕೇಳಿದರು. ಆರು ಮನೆಯವರು ತಲಾ ಒಂದು ಪೆಂಟಿ ಬೇಕು ಅಂದರು. ತಮ್ಮನಿಗೆ ಫೋನು ಮಾಡಿದೆ. "ಆರು ಪೆಂಟಿಯಿಂದ ಏನಾಗತದ ಅಕ್ಕಾ?" ಅಂದ. ನಿಜವೇ, ಅದರಿಂದ ಗಾಣ ನಡೆಯುವುದಿಲ್ಲ. ಆದರೂ ಹೆಸರು ಬರೆದುಕೊಂಡ. ಮುಂದಿನ ವಾರ ಬರುವ ಪರಿಚಯದವರ ಗಾಡಿಯಲ್ಲಿ ಕಳಿಸುತ್ತೇನೆ ಅಂದ. ಮುಂದಿನ ವರ್ಷದ ಮಾತು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಫೋನು ಇಡುವ ಮುಂಚೆ ಚಿಗವ್ವ ಏನು ಮಾಡುತ್ತಿದ್ದಾಳೆ ಅಂತ ಕೇಳಿದೆ. ಅಂಗಳದಲ್ಲಿ ಕೂತು ಬೆಂಡಿ ಬೀಜ ಬಿಡಿಸುತ್ತಿದ್ದಾಳಂತೆ.