ಬಸಿಯದ ನೀರು

ರಾತ್ರಿ ಎರಡಕ್ಕೆ ಇನ್ನೂ ಐದು ನಿಮಿಷವಿದೆ. ಅಪ್ಪಯ್ಯನ ಮಂಚದ ಪಕ್ಕ ಸ್ಟೂಲಿನ ಮೇಲಿರುವ ಸೈಕ್ಲರ್, ಹೊಟ್ಟೆಯ ಡಯಾಲಿಸಿಸ್ ಮಾಡುವ ಯಂತ್ರ, ಕೂಗಿಕೊಳ್ಳುತ್ತಿದೆ. ಹಂಚಿನ ಮೇಲೆ ಆಷಾಢದ ಮಳೆ ಎಷ್ಟು ಜೋರಾಗಿ ಬಡಿದರೂ ಆ ಕೂಗು ಮಾತ್ರ ನೇರ ನಿಮ್ಮ ಕಿವಿಗೆ ಬರುತ್ತದೆ. ನೀವು ಪಕ್ಕದ ಕೋಣೆಯಿಂದ ಎದ್ದು ಬರುವಷ್ಟರಲ್ಲಿ ಅಮ್ಮ ಲೈಟು ಹಾಕಿದ್ದಾಳೆ.

“ಎಂತದಾ ಅದು, ಮತ್ತೆ ಶುರುವಾಯ್ತಾ?” ಅಪ್ಪಯ್ಯ ಕಂಬಳಿಯೊಳಗಿಂದಲೇ ಕೇಳುತ್ತಾರೆ.

ಪರದೆಯ ಮೇಲೆ ಹಸಿರು ಅಕ್ಷರ: ಲೋ ಡ್ರೈನ್ ವಾಲ್ಯೂಮ್. ಅದರ ಕೆಳಗೆ 640. ಎರಡನೇ ಸುತ್ತಿನಲ್ಲಿ ಹೊಟ್ಟೆಯೊಳಗೆ ಹೋದದ್ದು 2000 ಮಿ.ಲೀ. ವಾಪಸು ಬಂದದ್ದು ಇಷ್ಟೇ.

ಬಟನ್ ಒತ್ತಿ ಅಲಾರಂ ನಿಲ್ಲಿಸುತ್ತೀರಿ. ಮುಂದೇನು ಒತ್ತಬೇಕು ಎನ್ನುವುದಕ್ಕಿಂತ ಏನನ್ನು ಒತ್ತಬಾರದು ಎನ್ನುವುದನ್ನು ಮೊದಲು ನೆನಪಿಸಿಕೊಳ್ಳುತ್ತೀರಿ. ಈ ಡ್ರೈನ್ ಬಿಟ್ಟು ಮುಂದಿನ ಸುತ್ತಿಗೆ ಹೋಗುವ ದಾರಿಯೂ ಯಂತ್ರದಲ್ಲಿದೆ, ಬೈಪಾಸ್. ಒತ್ತಿದರೆ ಕೂಗು ನಿಲ್ಲುತ್ತದೆ, ನಿಮಗೂ ನಿದ್ದೆ ಸಿಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಮೊದಲ ಸುತ್ತಿನಲ್ಲಿ ಬಂದದ್ದು 1780. ಹಾಕಿದ್ದರ ಶೇಕಡಾ 85 ಬಂದರೆ ಸಾಕು ಎಂದು ಈ ಯಂತ್ರಕ್ಕೆ ಗೊತ್ತುಮಾಡಿರುವುದರಿಂದ ಅದು ಆಗ ಸುಮ್ಮನಿತ್ತು. ಆ ಸುತ್ತಿನ 220 ಒಳಗೇ ಉಳಿಯಿತು. ಈಗಿನದು ಸೇರಿ 1580. ಸಕ್ಕರೆಯ ದ್ರವ ದೇಹದಿಂದ ಎಳೆದುಕೊಂಡ ನೀರು ಇದಕ್ಕೆ ಬೇರೆ. ಇದರ ಮೇಲೆ ಇನ್ನೆರಡು ಲೀಟರ್ ಬಿದ್ದರೆ ಮೂರೂವರೆ ಲೀಟರ್ ದಾಟುತ್ತದೆ. ಹೊಟ್ಟೆ ಬಿಗಿದು ವಪೆ ಮೇಲಕ್ಕೆ ಒತ್ತುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಹರ್ನಿಯಾ ಇದ್ದವರಿಗೆ ಅದು ಇನ್ನಷ್ಟು ಹಿಗ್ಗುತ್ತದೆ. ಅಲಾರಂ ಇಟ್ಟಿರುವುದೇ ಇದನ್ನು ತಡೆಯುವುದಕ್ಕೆ. ಬೆರಳನ್ನು ಆ ಕಡೆ ಒಯ್ಯುವುದಿಲ್ಲ.

“ಉಸಿರಿಗೆ ಕಷ್ಟ ಇದೆಯಾ ಅಪ್ಪಯ್ಯ? ಹೊಟ್ಟೆ ನೋವು?”

“ಎಂತ ನೋವೂ ಇಲ್ಲ. ಸ್ವಲ್ಪ ತುಂಬಿದ ಹಾಗೆ ಉಂಟು. ನೀ ಕೆಳಗಿಂದ ನೋಡ್ತಾ ಬಾ.”

ಐವತ್ತು ವರ್ಷ ಅಡಿಕೆ ತೋಟ ನೋಡಿಕೊಂಡವರ ಮಾತು ಇದು. ತೋಟದಲ್ಲಿ ಬಸಿಗಾಲುವೆ ಕಟ್ಟಿದರೆ ನೀರು ನಿಂತಲ್ಲಿ ಹುಡುಕಬಾರದು, ಕೆಳಗಿನ ತುದಿಯಿಂದ ಮೇಲಕ್ಕೆ ಬರಬೇಕು. ಸೋಗೆ ಎಲ್ಲಿ ಅಡ್ಡ ಬಿದ್ದಿದೆಯೋ ಅಲ್ಲಿ ಸಿಗುತ್ತದೆ. ತನ್ನ ಹೊಟ್ಟೆಯ ನೀರಿಗೂ ಅಪ್ಪಯ್ಯ ಅದೇ ಕ್ರಮ ಹೇಳುತ್ತಿದ್ದಾರೆ. ಟ್ರೇನಿಂಗ್ ಕೊಡುವಾಗ ಡಯಾಲಿಸಿಸ್ ಸಿಸ್ಟರ್ ಹೇಳಿದ ಕ್ರಮವೂ ಹೆಚ್ಚುಕಡಿಮೆ ಇದೇ: ಮೊದಲು ಪೈಪು, ಆಮೇಲೆ ಮೈ, ಕಡೆಗೆ ಕ್ಯಾತಿಟರ್.

ಟಾರ್ಚ್ ಹಿಡಿದು ನೆಲಕ್ಕೆ ಕೂರುತ್ತೀರಿ. ಡ್ರೈನ್ ಬ್ಯಾಗ್ ಮಂಚಕ್ಕಿಂತ ತಗ್ಗಿನಲ್ಲೇ ಇದೆ, ಅದರ ಕ್ಲ್ಯಾಂಪ್ ತೆರೆದಿದೆ. ಮೊದಲ ಸುತ್ತು ಬಂದಿದೆ ಎಂದಮೇಲೆ ಅದು ಮುಚ್ಚಿರಲಿಕ್ಕಿಲ್ಲ; ಆದರೂ ಮುಟ್ಟಿ ನೋಡುತ್ತೀರಿ. ಡ್ರೈನ್ ಪೈಪಿನ ಮೇಲೆ ಮಂಚದ ಕಾಲು ಕೂತಿಲ್ಲ. ಕ್ಯಾಸೆಟ್ ಕೂತ ಬಾಗಿಲು ಭದ್ರವಾಗಿದೆ. ಯಂತ್ರವೂ ಮಂಚವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಯಂತ್ರ ಮಂಚಕ್ಕಿಂತ ತೀರಾ ಮೇಲಿದ್ದರೆ ಎಳೆಯುವುದು ಕಷ್ಟ, ಪಂಪಿನ ಬಲ ಅಲ್ಲೇ ವ್ಯರ್ಥವಾಗುತ್ತದೆ. ಯಂತ್ರದಿಂದ ಅಪ್ಪಯ್ಯನ ಕಡೆಗೆ ಹೋಗುವ ಪೈಪನ್ನು ಬೆರಳ ನಡುವೆ ಹಿಡಿದು ಜಾರಿಸುತ್ತಾ ಬರುತ್ತೀರಿ. ಕಂಬಳಿ ಎತ್ತುತ್ತೀರಿ. ಸಿಕ್ಕಿತು: ಎಡ ಮಗ್ಗುಲಾಗಿ ಮಲಗಿದ್ದಾರೆ, ಪೈಪು ತೊಡೆಯಡಿ ಸಿಕ್ಕಿ ಮಡಚಿಕೊಂಡಿದೆ.

ಬಿಡಿಸಿ ನೇರ ಮಾಡಿ ಗೋ ಬಟನ್ ಒತ್ತುತ್ತೀರಿ. ಯಂತ್ರ ಉಸ್ಸೆಂದು ಗಾಳಿ ಎಳೆದು ಕ್ಯಾಸೆಟ್ಟಿನ ಪೊರೆಯನ್ನು ಮುಂದಕ್ಕೂ ಹಿಂದಕ್ಕೂ ಅಲುಗಿಸುತ್ತದೆ. 660, 690, 720. ಅಮ್ಮನ ಮುಖ ಸಡಿಲವಾಗುತ್ತದೆ. 750ಕ್ಕೆ ನಿಂತು ಮತ್ತೆ ಕೂಗು.

ಅಂದರೆ ಮಡಚಿದ ಪೈಪು ಒಂದು ಕಾರಣ, ಇಡೀ ಕಾರಣವಲ್ಲ. ಈಗ ಮೈಯ ಸರದಿ.

ಕ್ಯಾತಿಟರ್ ಎಂದರೆ ಹೊಕ್ಕುಳ ಪಕ್ಕದಿಂದ ಒಳಹೋದ ಮೆತ್ತನೆಯ ಸಿಲಿಕೋನ್ ಕೊಳವೆ. ಅದರ ತುದಿಯಲ್ಲಿ ಸಾಲು ರಂಧ್ರಗಳಿವೆ. ಆ ತುದಿ ಹೊಟ್ಟೆಯ ತಳದಲ್ಲಿ, ಕಿಬ್ಬೊಟ್ಟೆಯ ಗುಂಡಿಯಲ್ಲಿ ಕೂತಿರಬೇಕು. ಮೈಯೊಳಗೆ ಹುದುಗಿ ಕೊಳವೆಯನ್ನು ಹಿಡಿದಿಡುವ ಎರಡು ಡೇಕ್ರಾನ್ ಪಟ್ಟಿಗಳಿರುವ ಈ ರೂಪ ಸಿಯಾಟಲ್‌ನ ಹೆನ್ರಿ ಟೆಂಕಾಫ್ 1968ರಲ್ಲಿ ಪ್ರಕಟಿಸಿದ್ದು. ಇಂದಿಗೂ ಹೆಚ್ಚಿನವರ ಹೊಟ್ಟೆಯಲ್ಲಿರುವುದು ಅದೇ, ಇಲ್ಲವೇ ಅದರ ಮಕ್ಕಳು ಮೊಮ್ಮಕ್ಕಳು. ಮಲಗಿದಾಗ ನೀರು ಬೆನ್ನಿನ ಕಡೆಗೂ ಮಗ್ಗುಲುಗಳಿಗೂ ಹರಡಿ ನಿಲ್ಲುತ್ತದೆ, ರಂಧ್ರಗಳಿರುವಲ್ಲಿಗೆ ಬರುವುದಿಲ್ಲ.

“ಎದ್ದು ಕೂತ್ಕೊಳ್ಳಿ ಅಪ್ಪಯ್ಯ.”

ಕೂರುತ್ತಾರೆ. ಬಲಕ್ಕೆ ವಾಲುತ್ತಾರೆ, ಎಡಕ್ಕೆ ವಾಲುತ್ತಾರೆ. ಪೈಪು ಎಷ್ಟು ಉದ್ದವಿದೆಯೋ ಅಷ್ಟರಲ್ಲೇ ಮಂಚದ ಪಕ್ಕ ನಿಂತು ನಾಲ್ಕು ಹೆಜ್ಜೆ ಹಾಕುತ್ತಾರೆ. ಇನ್ನೂ ದಿನಕ್ಕೆ ಸ್ವಲ್ಪ ಮೂತ್ರ ಬರುತ್ತದೆ, ಅದನ್ನೂ ಅಮ್ಮ ಹಿಡಿದ ಪಾತ್ರೆಗೆ ಮಾಡಿಸುತ್ತೀರಿ. ತುಂಬಿದ ಮೂತ್ರಕೋಶವೂ ಕ್ಯಾತಿಟರಿನ ಜಾಗವನ್ನೇ ಒತ್ತುತ್ತದೆ. ಅಂಕಿ ನಿಧಾನಕ್ಕೆ ಏರುತ್ತದೆ. 1020. ಮತ್ತೆ ನಿಲ್ಲುತ್ತದೆ. ಒಳಗೆ ಉಳಿದದ್ದು 1200.

ಈಗ ಡ್ರೈನ್ ಬ್ಯಾಗನ್ನು ಎತ್ತಿ ಬೆಳಕಿಗೆ ಹಿಡಿಯುತ್ತೀರಿ. ಈ ನೋಟದಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ. ಬ್ಯಾಗಿನ ಹಿಂದೆ ನಿನ್ನೆಯ ಪೇಪರ್ ಹಿಡಿದರೆ ಸಣ್ಣ ಅಕ್ಷರವೂ ಓದಲು ಬರುತ್ತಿದೆ. ನೀರು ತಿಳಿಹಳದಿ, ಸ್ವಚ್ಛ. ಮಬ್ಬಾಗಿ ಅಕ್ಷರ ಕಾಣದಿದ್ದರೆ, ಜೊತೆಗೆ ಹೊಟ್ಟೆ ನೋವೋ ಜ್ವರವೋ ಇದ್ದರೆ, ಪೈಪು ನೇರ ಮಾಡುತ್ತಾ ಕೂರುವ ರಾತ್ರಿ ಇದಾಗುತ್ತಿರಲಿಲ್ಲ. ಅದು ಪೆರಿಟೋನೈಟಿಸ್, ಹೊಟ್ಟೆಯ ಒಳಪೊರೆಯ ಸೋಂಕು, ಇರಬಹುದು. ಬ್ಯಾಗನ್ನು ಹಾಗೇ ಎತ್ತಿಕೊಂಡು ಮಳೆಯಾದರೂ ಸರಿ ಆಸ್ಪತ್ರೆಗೆ ಹೊರಡಬೇಕು. ನೀರಿನ ಮಾದರಿಯಲ್ಲಿ ಒಂದು ಮೈಕ್ರೋಲೀಟರಿಗೆ 100ಕ್ಕಿಂತ ಹೆಚ್ಚು ಬಿಳಿರಕ್ತಕಣ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಕಂಡರೆ ವೈದ್ಯರು ಆಂಟಿಬಯೋಟಿಕ್ ಕೊಡಲು ತಡಮಾಡುವುದಿಲ್ಲ. ನಿಮ್ಮ ಕೈಲಿರುವ ಬ್ಯಾಗಿನ ತಳದಲ್ಲಿ ಬೆರಳುದ್ದದ ಒಂದೇ ಒಂದು ಬಿಳಿ ಎಳೆ ತೇಲುತ್ತಿದೆ. ಫೈಬ್ರಿನ್. ಒಂದು ಎಳೆಗೆ ಹೆದರಬೇಕಿಲ್ಲ, ಬರೆದಿಡಬೇಕು. ದಿನವೂ ಬಂದರೆ ಅದು ರಂಧ್ರಗಳಿಗೆ ಸಿಕ್ಕಿಕೊಳ್ಳುತ್ತದೆ. ಆಗ ವೈದ್ಯರು ಬರೆದುಕೊಟ್ಟರೆ ದ್ರವಕ್ಕೆ ಲೀಟರಿಗೆ 500 ಯೂನಿಟ್‌ನಂತೆ ಹೆಪಾರಿನ್ ಸೇರಿಸುವುದುಂಟು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಸಿಸ್ಟರಿಗೆ ಫೋನ್ ಮಾಡುತ್ತೀರಿ. ಮಹಡಿ ಮೆಟ್ಟಿಲ ಮೇಲೆ ನಿಂತರೆ ಮಾತ್ರ ನೆಟ್‌ವರ್ಕ್ ಸಿಗುವುದು. ಎರಡನೇ ರಿಂಗಿಗೇ ಎತ್ತುತ್ತಾರೆ.

“ಹೇಳಿ ಅಣ್ಣ. ಬೈಪಾಸ್ ಒತ್ತಲಿಲ್ಲ ತಾನೇ?”

“ಇಲ್ಲ ಸಿಸ್ಟರ್.”

“ಒಳಗೆ ಹೋಗುವಾಗ ಸರಾಗ ಹೋಯ್ತಾ?”

“ಹೋಯ್ತು. ಹೊರಗೆ ಬರೋದೇ ಕಷ್ಟ.”

ಆ ಒಂದು ಪ್ರಶ್ನೆಗೆ ತೂಕವಿದೆ. ಒಳಗೂ ಹೋಗದೆ ಹೊರಗೂ ಬರದೆ ಇದ್ದರೆ ಕೊಳವೆಯೇ ಎಲ್ಲೋ ಮಡಚಿದೆ ಅಥವಾ ಒಳಗೆ ಹೆಪ್ಪು ಕಟ್ಟಿದೆ ಎಂದು ಲೆಕ್ಕ. ಒಳಗೆ ಸರಾಗ ಹೋಗಿ ಹೊರಬರಲು ಮಾತ್ರ ತಕರಾರು ಮಾಡಿದರೆ ರಂಧ್ರಗಳಿಗೆ ಹೊರಗಿನಿಂದ ಏನೋ ಬಂದು ಒತ್ತುತ್ತಿದೆ, ಇಲ್ಲವೇ ತುದಿ ತನ್ನ ಜಾಗ ಬಿಟ್ಟು ಮೇಲೆ ಬಂದಿದೆ.

“ಅಪ್ಪ ಕಕ್ಕಸಿಗೆ ಸರಿಯಾಗಿ ಹೋಗ್ತಿದಾರಾ?”

ನಿಮಗೆ ಗೊತ್ತಿಲ್ಲ. ಬಿ.ಪಿ. ಬರೆದಿದ್ದೀರಿ, ತೂಕ ಬರೆದಿದ್ದೀರಿ, ಎಷ್ಟು ಹೋಯಿತು ಎಷ್ಟು ಬಂತು ಎಲ್ಲ ಚಾರ್ಟಿನಲ್ಲಿದೆ. ಇದು ಮಾತ್ರ ಇಲ್ಲ. ಮೆಟ್ಟಿಲಿಂದಲೇ ಕೂಗಿ ಕೇಳುತ್ತೀರಿ. ಅಪ್ಪಯ್ಯ ಉತ್ತರ ಕೊಡುವುದಿಲ್ಲ. ಅಮ್ಮ ಕೊಡುತ್ತಾಳೆ: “ಸೋಮವಾರ ಹೋಗಿದ್ದೇ ಕಡೆ. ಕೇಳಿದ್ರೆ ಬೈತಾರೆ.” ಗುರುವಾರ ಕಳೆದು ಈಗ ಶುಕ್ರವಾರ.

ಸೈಕ್ಲರ್ ಮನೆಗೆ ಬಂದಾಗ ಎಲ್ಲರ ಭಯವೂ ಯಂತ್ರದ ಮೇಲಿತ್ತು, ಕರೆಂಟಿನ ಮೇಲಿತ್ತು. ವಾರಕ್ಕೆ ಮೂರು ಸಲ ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತದ ಡಯಾಲಿಸಿಸ್ ಮಾಡಿಸುವ ದಾರಿಯೂ ಇತ್ತು. ಈ ಊರಿನ ಮಳೆಗಾಲದ ರಸ್ತೆಯನ್ನು ನೋಡಿದ ಮೇಲೆ ಮನೆಯಲ್ಲೇ ಮಾಡುವುದೆಂದು ಅಪ್ಪಯ್ಯನೇ ಹೇಳಿದ್ದು. ಇನ್ವರ್ಟರ್ ಹಾಕಿಸಿದಿರಿ, ಕೋಣೆಗೆ ಸುಣ್ಣ ಬಳಿಸಿದಿರಿ. ಕರುಳಿನ ಬಗ್ಗೆ ಸಿಸ್ಟರ್ ಹೇಳಿದ್ದನ್ನು ಕೇಳಿ ತಲೆಯಾಡಿಸಿದ್ದರು ಎಲ್ಲರೂ.

ನೀರು ಬಸಿಯದಿರಲು ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ ಕಾರಣಗಳಲ್ಲಿ ಮಲಬದ್ಧತೆ ಒಂದು. ದೊಡ್ಡ ಕರುಳಿನ ಕೊನೆಯ ಭಾಗ ಕ್ಯಾತಿಟರ್ ತುದಿಯ ಪಕ್ಕದಲ್ಲೇ ಇರುತ್ತದೆ. ಅದು ತುಂಬಿ ಉಬ್ಬಿದರೆ ಕೊಳವೆಯನ್ನು ಗೋಡೆಗೆ ಒತ್ತುತ್ತದೆ, ಕೆಲವೊಮ್ಮೆ ಜಾಗದಿಂದಲೇ ಮೇಲಕ್ಕೆ ತಳ್ಳುತ್ತದೆ. ಮೂತ್ರಪಿಂಡ ಸೋತವರಿಗೆ ಮಲಬದ್ಧತೆ ಬರಲು ನೂರು ದಾರಿ: ಪೊಟ್ಯಾಸಿಯಂ ಹೆಚ್ಚಾದೀತೆಂದು ಹಣ್ಣು ಸೊಪ್ಪು ಕಡಿಮೆ, ನೀರು ಅಳತೆಯದು, ರಂಜಕ ಇಳಿಸುವ ಮಾತ್ರೆ, ಕಬ್ಬಿಣದ ಮಾತ್ರೆ. ಮಳೆ ಹಿಡಿದ ಮೇಲೆ ಅಪ್ಪಯ್ಯ ತೋಟಕ್ಕೂ ಇಳಿದಿಲ್ಲ.

“ಇವತ್ತಿಗೆ ಟ್ರೀಟ್‌ಮೆಂಟ್ ನಿಲ್ಲಿಸಿ,” ಸಿಸ್ಟರ್ ಹೇಳುತ್ತಾರೆ. “ಟ್ವಿನ್ ಬ್ಯಾಗ್ ಇದೆಯಲ್ಲ, ಕೈಯಲ್ಲೇ ಒಂದು ಡ್ರೈನ್ ಮಾಡಿ. ಹೊಸ ನೀರು ಹಾಕಬೇಡಿ. ಡಾಕ್ಟ್ರು ಮೊದಲೇ ಬರೆದಿರೋ ಲ್ಯಾಕ್ಟುಲೋಸ್ ಸಿರಪ್ ಅದೇ ಅಳತೆಯಲ್ಲಿ ಕೊಡಿ. ಅಂಗಡಿಯಿಂದ ಬೇರೆ ಏನೂ ತರಬೇಡಿ. ಮೆಗ್ನೀಷಿಯಂ ಇರೋ ಔಷಧ, ಫಾಸ್ಫೇಟ್ ಎನಿಮಾ ಎರಡೂ ಇವರಿಗೆ ಆಗಲ್ಲ. ಉಸಿರಾಟ ಕಷ್ಟ ಆದ್ರೆ ತಕ್ಷಣ ಹೊರಟು ಬನ್ನಿ.”

ಕಿಟಕಿ ಮುಚ್ಚುತ್ತೀರಿ, ಫ್ಯಾನ್ ಆರಿಸುತ್ತೀರಿ, ಅಪ್ಪಯ್ಯನಿಗೂ ನಿಮಗೂ ಮಾಸ್ಕ್. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಹೊಸ ಟವೆಲಿಗೆ ಒರೆಸುತ್ತೀರಿ. ಅವಸರ ಹೆಚ್ಚಿದಷ್ಟೂ ಈ ಕೆಲಸ ನಿಧಾನವಾಗಬೇಕು. ಬಸಿಯದ ನೀರಿಗಿಂತ ಕೊಳಕು ಬೆರಳು ದೊಡ್ಡ ಅಪಾಯ. ಯಂತ್ರದ ಪೈಪು ಬಿಚ್ಚಿ ಟ್ವಿನ್ ಬ್ಯಾಗ್ ಸೇರಿಸಿ, ಹೊಸ ದ್ರವದ ಕಡೆಯ ಪೈಪನ್ನು ಮುಚ್ಚಿಯೇ ಇಟ್ಟು, ಖಾಲಿ ಚೀಲವನ್ನು ನೆಲಕ್ಕೆ ಇಳಿಸುತ್ತೀರಿ. ಅಪ್ಪಯ್ಯ ಕುರ್ಚಿಯಲ್ಲಿ ನೇರ ಕೂತು ತಿರುಪು ತೆರೆಯುತ್ತಾರೆ. ಪಂಪಿಲ್ಲ, ಅಲಾರಂ ಇಲ್ಲ, ಎತ್ತರ ತಗ್ಗಿನ ವ್ಯತ್ಯಾಸ ಮಾತ್ರ. ನೀರು ಎಳೆಯಾಗಿ ಇಳಿಯುತ್ತದೆ, ಒಮ್ಮೆ ನಿಲ್ಲುತ್ತದೆ, ಅಪ್ಪಯ್ಯ ಕೆಮ್ಮಿದರೆ ಮತ್ತೆ ಹರಿಯುತ್ತದೆ. ಅರ್ಧ ಗಂಟೆಯಾದ ಮೇಲೆ ತೂಕದ ಕೊಕ್ಕೆಗೆ ಹಾಕಿದರೆ ಅರ್ಧ ಕೆ.ಜಿ. ಒಳಗೆ ಇನ್ನೂ 700ರಷ್ಟಿದೆ, ಇರಲಿ. ಅದರ ಮೇಲೆ ಮತ್ತೆ ತುಂಬದಿದ್ದರೆ ಸರಿ. ಹೊಸ ಮಿನಿಕ್ಯಾಪ್ ಹಾಕಿ ಮುಚ್ಚುತ್ತೀರಿ.

ಬೆಳಿಗ್ಗೆಯಿಂದ ಸಿರಪ್. ಹನ್ನೊಂದರ ಹೊತ್ತಿಗೆ ಹಿತ್ತಲ ಕಡೆಯ ಬಾಗಿಲು ದಡಾರನೆ ಹಾಕಿಕೊಂಡ ಸದ್ದು. ಮಧ್ಯಾಹ್ನ ಊಟಕ್ಕೆ ಮೊದಲು ಇನ್ನೊಮ್ಮೆ. ಅಮ್ಮ ಅಡುಗೆಮನೆಯಿಂದ ನಿಮ್ಮತ್ತ ನೋಡಿ ಬೆರಳೆತ್ತಿ ಎರಡು ಎಂದು ತೋರಿಸುತ್ತಾಳೆ.

ಹನ್ನೆರಡಕ್ಕೆ ಸಿಸ್ಟರ್ ಫೋನ್ ಮಾಡಿದಾಗ ಮುಂದಿನ ಹಂತಗಳನ್ನೂ ಕೇಳಿಕೊಂಡಿದ್ದೀರಿ. ಇವತ್ತೂ ನೀರು ಸರಿಯಾಗಿ ಬಸಿಯದಿದ್ದರೆ ಹೊಟ್ಟೆಯ ಎಕ್ಸ್‌ರೇ. ಕೊಳವೆಯಲ್ಲಿ ಎಕ್ಸ್‌ರೇಗೆ ಕಾಣುವ ಗೆರೆ ಇರುವುದರಿಂದ ತುದಿ ತಳದಲ್ಲಿದೆಯೋ ಪಕ್ಕೆಲುಬಿನ ಕಡೆ ತಿರುಗಿದೆಯೋ ತಿಳಿಯುತ್ತದೆ, ಕರುಳಲ್ಲಿ ಮಲ ಎಷ್ಟಿದೆ ಎಂಬುದೂ. ತಿರುಗಿದ್ದರೆ ಒಳಗಿನಿಂದ ತಂತಿ ಹಾಕಿ ಸರಿಪಡಿಸಲು ನೋಡುತ್ತಾರೆ. ಹೊಟ್ಟೆಯೊಳಗಿನ ಕೊಬ್ಬಿನ ಪೊರೆ, ಓಮೆಂಟಮ್, ಕೊಳವೆಗೆ ಸುತ್ತಿಕೊಂಡಿದ್ದರೆ ಲ್ಯಾಪರೊಸ್ಕೋಪಿಯಲ್ಲಿ ಬಿಡಿಸಿ ಅದನ್ನು ಮೇಲಕ್ಕೆ ಹೊಲಿದು ನಿಲ್ಲಿಸುತ್ತಾರೆ. ಇಷ್ಟೆಲ್ಲಕ್ಕೂ ಮೊದಲು ಕರುಳು ಖಾಲಿಯಾಗಬೇಕು.

ಸಂಜೆ ಮತ್ತೆ ಕೈ ತೊಳೆದು ಯಂತ್ರಕ್ಕೆ ಸೇರಿಸುತ್ತೀರಿ. ಇನಿಷಿಯಲ್ ಡ್ರೈನ್ 480. ಉಳಿದದ್ದನ್ನು ಹಗಲಲ್ಲಿ ದೇಹವೇ ಹೀರಿಕೊಂಡಿದೆ. ಎರಡು ಲೀಟರ್ ಒಳಗೆ ಹೋಗುತ್ತದೆ. ಒಂದೂವರೆ ಗಂಟೆ ಕಳೆದು ಡ್ರೈನ್ ಶುರುವಾದಾಗ ನೀವು ಸ್ಟೂಲಿನ ಪಕ್ಕ ಕಾದಿದ್ದೀರಿ. 1600ರವರೆಗೆ ಅಂಕಿ ದಡದಡನೆ ಓಡುತ್ತದೆ. ಅಲ್ಲಿಂದ ತೆವಳುತ್ತದೆ. ಇದು ತಕರಾರಲ್ಲ, ಮುಕ್ಕಾಲು ಪಾಲು ಇಳಿದ ಮೇಲೆ ಯಾರ ಹೊಟ್ಟೆಯಲ್ಲಾದರೂ ಹರಿವು ನಿಧಾನವಾಗುತ್ತದೆ. ಆ ಕಡೆಯ ಹನಿಗಳಿಗಾಗಿಯೇ ದಿನವೂ ಅಲಾರಂ ಕೂಗುವವರಿಗೆ, ಕೊನೆಯಲ್ಲಿ ನೋವಾಗುವವರಿಗೆ, ಪ್ರತಿ ಸಲ ಸ್ವಲ್ಪ ನೀರನ್ನು ಬೇಕೆಂದೇ ಒಳಗೆ ಬಿಡುವ ಟೈಡಲ್ ಪದ್ಧತಿಯನ್ನು ವೈದ್ಯರು ಯಂತ್ರಕ್ಕೆ ಹಾಕಿಕೊಡುತ್ತಾರೆ. ಅಪ್ಪಯ್ಯನಿಗೆ ಸದ್ಯಕ್ಕೆ ಬೇಡ. 2060ಕ್ಕೆ ಡ್ರೈನ್ ಮುಗಿದು ಫಿಲ್ ಎಂದು ಬರುತ್ತದೆ.

ಚಾರ್ಟ್ ಪುಸ್ತಕ ತೆಗೆದು, ತೂಕದ ಸಾಲಿನ ಪಕ್ಕ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆಯುತ್ತೀರಿ. ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಮೇಲಿನ ಶೀರ್ಷಿಕೆ ಓದುತ್ತಾರೆ.

“ಅದನ್ನೂ ಬರೀಬೇಕನಾ? ನಾಚಿಕೆ ಇಲ್ಲ ನಿಮಗೆ.”

“ಅದೇ ಮೊದಲು ಬರಿಯೋದು ಇನ್ಮೇಲೆ. ಎರಡು ದಿನ ಖಾಲಿ ಇದ್ರೆ ಸಿಸ್ಟರಿಗೆ ಫೋನ್, ಯಂತ್ರ ಕೂಗೋ ತನಕ ಕಾಯೋದಿಲ್ಲ.”

ಅಪ್ಪಯ್ಯ ಒಂದು ಕ್ಷಣ ಪುಸ್ತಕವನ್ನೇ ನೋಡಿ ಪೆನ್ನಿಗೆ ಕೈ ಚಾಚುತ್ತಾರೆ. ಶುಕ್ರವಾರದ ಎದುರು ತಮ್ಮ ಕೈಯಿಂದಲೇ 2 ಎಂದು ಬರೆದು, ಬಿ.ಪಿ. ಪಟ್ಟಿ ಕಟ್ಟಿಸಿಕೊಳ್ಳಲು ತೋಳು ಮುಂದೆ ಮಾಡುತ್ತಾರೆ.