ಎಂಟು ಲೇನು, 40,320 ಫಲಿತಾಂಶ

ಎಂಟು ಜನರ 100 ಮೀಟರ್ ಓಟ ಎಷ್ಟು ರೀತಿ ಮುಗೀಬಹುದು? ಪೈಥಾನ್‌ಗೆ ಕೇಳಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಉತ್ತರ: 40,320. ಮೊದಲ ಮೂರು ಸ್ಥಾನಕ್ಕಷ್ಟೇ ಆದರೆ 336. ಅದರಲ್ಲಿ ಯಾವುದೇ ಒಬ್ಬನ ಹೆಸರಿರೋದು 126, ಅಂದ್ರೆ ಎಂಟಕ್ಕೆ ಮೂರು.

ಶಿವಮೊಗ್ಗದ ನೆಹರು ಕ್ರೀಡಾಂಗಣದಲ್ಲಿ ಓಡೋಕೆ ತಯಾರಾಗ್ತಿರೋ, ಭದ್ರಾವತಿಯಲ್ಲಿರೋ ನನ್ನ ತಮ್ಮನಿಗೆ ಇಷ್ಟೇ ಹೇಳಿದ್ರೆ ಕುಣೀತಿದ್ದ. ಆದರೆ ಈ ಲೆಕ್ಕಕ್ಕೆ ಎಲ್ಲರೂ ಸಮ. ಸ್ಪೈಕ್ಸ್ ಹಾಕಿದವನೂ ಒಂದೇ, ಬರಿಗಾಲಲ್ಲಿ ಓಡೋನೂ ಒಂದೇ. ಅದಕ್ಕೇ ಎಂಟೂ ಜನರ ಹಳೇ ಟೈಮಿಂಗ್ ಸೇರಿಸಿ, ಅವರವರ ಏರಿಳಿತದ ಪ್ರಕಾರ ಹತ್ತು ಸಾವಿರ ಸಲ ಕಂಪ್ಯೂಟರಲ್ಲೇ ಓಡಿಸಿದೆ. ತಮ್ಮನಿಗೆ ಪದಕ ಬಂದದ್ದು ನೂರಕ್ಕೆ ಒಂಬತ್ತು ಸಲ.

ಮುಚ್ಚಿಡದೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಆ ಒಂಬತ್ತು ಸಲ ನಾನು ಎಷ್ಟು ಸೆಕೆಂಡಿಗೆ ಮುಟ್ಟಿದ್ದೆ ನೋಡು" ಅಂದ. ನೋಡಿದೆ. ಹೆಚ್ಚುಕಡಿಮೆ ಎಲ್ಲವೂ 11.8ರ ಒಳಗೆ. ಈಗ ಅವನ ಪ್ರಾಕ್ಟೀಸ್ ಪುಸ್ತಕದ ಮೊದಲ ಪುಟದಲ್ಲಿ ಆ ಸಂಖ್ಯೆ ಇದೆ.